ಅತ್ತೆ ಕಾಫಿ ಬಿಟ್ಟಿದ್ದು

ಬಾಳ್ಳುಪೇಟೆಯಲ್ಲಿ ನಾನು ಬಸ್ಸಿಳಿಯುವ ಜಾಗದ ಎದುರಿಗೇ ಒಂದು ಕಾಂಪೌಂಡ್ ಗೋಡೆ ಇದೆ. ಅದರ ಮೇಲೆ ಹಳದಿ ಬಣ್ಣ ಬಳಿದು, ಕೆಂಪು ಅಕ್ಷರದಲ್ಲಿ ದೊಡ್ಡದಾಗಿ ಬರೆದಿದ್ದರು: ಮೂಲವ್ಯಾಧಿ, ಆಪರೇಷನ್ ಇಲ್ಲದೆ ಗುಣ. ಹೆದ್ದಾರಿಯಲ್ಲಿ ಹಗಲೂ ರಾತ್ರಿ ಕೂತೇ ಹೋಗುವ ಲಾರಿ ಡ್ರೈವರುಗಳನ್ನು ನೋಡಿಯೇ ಬರೆಸಿದ್ದಾರೆಂದು ನಾನು ಅಂದುಕೊಂಡಿದ್ದೆ. ಶಾಲೆಗೆ ನಡೆದು ಹೋಗುವಾಗ ಜೊತೆಯ ಟೀಚರುಗಳಿಗೆ ಅದನ್ನು ತೋರಿಸಿ ಎಷ್ಟೋ ಸಲ ನಕ್ಕಿದ್ದೇನೆ. ಬಸುರಿಯಾಗಿ ಐದು ತಿಂಗಳಾದ ಮೇಲೆ ಆ ಗೋಡೆ ಬಂದರೆ ಸಾಕು, ಮುಖ ಆಚೆ ತಿರುಗಿಸಿಕೊಂಡು ಬೇಗ ಬೇಗ ನಡೆಯತೊಡಗಿದೆ. ಬೇಗ ಬೇಗ ಎಂದರೆ ನನಗೆ ಸಾಧ್ಯವಾದಷ್ಟು. ಆಗ ನನಗೆ ನಡೆಯುವುದೂ ಒಂದು ಶಿಕ್ಷೆ, ಕೂರುವುದು ಅದಕ್ಕಿಂತ ದೊಡ್ಡ ಶಿಕ್ಷೆ.

ಬಸುರಿ ಹೆಂಗಸಿಗೆ ವಾಂತಿ ಆಗುತ್ತದೆ, ಕಾಲು ಊದಿಕೊಳ್ಳುತ್ತದೆ, ಹುಣಸೆಕಾಯಿ ಬೇಕೆನಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದೊಂದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬೆಳಗ್ಗೆ ಪಾಯಿಖಾನೆಗೆ ಹೋಗಬೇಕೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಒಳಗೆ ಹೋಗಿ ಗೋಡೆ ಹಿಡಿದು ಕೂತು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಹಾಕಿಕೊಂಡು, ನನ್ನ ಗಂಡನನ್ನೂ ಅವನ ಇಡೀ ವಂಶವನ್ನೂ ಮನಸ್ಸಿನಲ್ಲೇ ಬೈದು ಹೊರಗೆ ಬರುತ್ತಿದ್ದೆ. ಏನಾಯಿತು ಎಂದು ಯಾರಾದರೂ ಕೇಳಿದರೆ ಉಷ್ಣ ಎನ್ನುತ್ತಿದ್ದೆ. ಉಷ್ಣ ಎಂಬ ಮಾತು ನಮ್ಮ ಕಡೆ ಎಲ್ಲದಕ್ಕೂ ಒದಗುತ್ತದೆ.

ಒಂದು ದಿನ ರಕ್ತ ಕಾಣಿಸಿತು. ಬರೀ ಕಲೆಯಲ್ಲ, ಕೆಂಪಗೆ ಹನಿ ಹನಿಯಾಗಿ. ಮಗು ಹೋಯಿತು ಎಂದೇ ಅಂದುಕೊಂಡೆ. ಅವತ್ತು ನನ್ನ ಬಾಯಿಂದ ಹೊರಟ ಕೂಗಿಗೆ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದ ಗಂಡ ಕುಂಟೆ ಬಿಸಾಡಿ ಓಡಿ ಬಂದ. ಜೀಪ್ ಹತ್ತಿ ಸಕಲೇಶಪುರ ತಲುಪುವವರೆಗೂ ನಾನು ಅವನ ಕೈ ಬಿಡಲಿಲ್ಲ. ಬೆಳಗೋಡು ದಾಟುವವರೆಗಿನ ರಸ್ತೆಯ ಒಂದೊಂದು ಗುಂಡಿಯನ್ನೂ ನನ್ನ ದೇಹ ಲೆಕ್ಕ ಇಟ್ಟಿತು.

ನಮ್ಮ ಡಾಕ್ಟರಮ್ಮ ಮಾತು ಕಮ್ಮಿ, ಕೆಲಸ ಜಾಸ್ತಿ ಎನ್ನುವ ಹೆಂಗಸು. ಮೊದಲು ಮಗುವಿನ ಎದೆಬಡಿತ ಕೇಳಿಸಿದರು. ಅದು ಟಪಟಪ ಎಂದು ಓಡುತ್ತಿತ್ತು. ನಾನು ಅತ್ತುಬಿಟ್ಟೆ. ಆಮೇಲೆ ಪರದೆ ಎಳೆದು ಮಗ್ಗುಲಾಗಿ ಮಲಗಿಸಿ ನೋಡಿ, "ರಕ್ತ ಬಂದಿರೋದು ಮಗುವಿನ ದಾರಿಯಿಂದ ಅಲ್ಲಮ್ಮ, ಇದು ಪೈಲ್ಸು. ಗರ್ಭದ ಭಾರಕ್ಕೆ, ಮಲಬದ್ಧತೆಗೆ ತುಂಬಾ ಜನಕ್ಕೆ ಆಗುತ್ತೆ" ಎಂದರು. ಖುಷಿಯಲ್ಲಿ ನನಗೆ ನಾಚಿಕೆಯೂ ಮರೆತುಹೋಯಿತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಮುಖ ಗಂಟಿಕ್ಕಿದರು.

"ಮಾತ್ರೆ ತಗೊಳ್ತಾ ಇದ್ದೀರಾ?"

"ತಪ್ಪದೆ ತಗೊಳ್ತೀನಿ ಡಾಕ್ಟ್ರೇ."

"ಮತ್ತೆ ರಕ್ತ ಯಾಕೆ ಏರ್ತಾ ಇಲ್ಲ? ಹೋದ ಸಲಕ್ಕಿಂತ ಇಳಿದಿದೆ. ಕಬ್ಬಿಣದ ಮಾತ್ರೆ ಯಾವುದರ ಜೊತೆ ನುಂಗ್ತೀರಿ?"

"ಕಾಫಿ ಜೊತೆ."

ಪಕ್ಕದಲ್ಲಿದ್ದ ನರ್ಸ್ ಬಾಯಿಗೆ ಸೆರಗು ಅಡ್ಡ ಹಿಡಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. "ನಿಮ್ಮ ತೋಟದ ಕಡೆಯವರೆಲ್ಲ ಇದೇ ಮಾಡ್ತೀರಿ. ನೀರು ಅನ್ನೋದು ಒಂದಿದೆ ಅಂತ ಯಾರಿಗೂ ನೆನಪಾಗಲ್ಲ. ಕಾಫಿ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತಲ್ಲಮ್ಮ. ಮೈಗೆ ಹತ್ತದೆ ಹೊಟ್ಟೆಯಲ್ಲೇ ಉಳಿದು ಮಲ ಗಟ್ಟಿ ಆಗುತ್ತೆ. ಗಟ್ಟಿ ಆದರೆ ತಿಣುಕುತ್ತೀರಿ, ತಿಣುಕಿದರೆ ರಕ್ತ ಹೋಗುತ್ತೆ, ರಕ್ತ ಹೋದರೆ ನಾನು ಇನ್ನೂ ಮಾತ್ರೆ ಬರೀತೀನಿ" ಎಂದು ಒಂದೇ ಉಸಿರಿಗೆ ಹೇಳಿದರು. ಆಮೇಲೆ ದನಿ ಇಳಿಸಿದರು. ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತು ದಾಟದಿದ್ದರೆ ಇಲ್ಲಿ ಹೆರಿಗೆ ಮಾಡಿಸುವ ಧೈರ್ಯ ತನಗಿಲ್ಲ, ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ನನ್ನ ಜೀವಕ್ಕೇ ಅಪಾಯ ಎಂದರು. ಮುಲಾಮು, ಮಲ ಮೆದು ಮಾಡುವ ಔಷಧಿ, ಬೆಚ್ಚಗಿನ ನೀರಿನಲ್ಲಿ ಕೂರುವುದು, ಸೊಪ್ಪು, ಹಣ್ಣು, ನೀರು. ಮಾತ್ರೆಯನ್ನು ಕಿತ್ತಳೆ ಅಥವಾ ನಿಂಬೆ ರಸದ ಜೊತೆ ನುಂಗಬೇಕು, ಅದರ ಹಿಂದೆ ಮುಂದೆ ಎರಡು ಗಂಟೆ ಕಾಫಿ ಮುಟ್ಟಬಾರದು. ಇಷ್ಟೇ ಅವರು ಹೇಳಿದ್ದು. ಕಾಫಿ ಪೂರ್ತಿ ಬಿಡಿ ಎಂದು ಅವರು ಹೇಳಲೇ ಇಲ್ಲ. ಅದು ನಮ್ಮತ್ತೆಯ ಕಾನೂನು.

ನಮ್ಮತ್ತೆಯ ವಿಷಯ ಇಲ್ಲಿ ಹೇಳಬೇಕು. ನಾನು ಆಲೂರು ಕಡೆಯ ಭತ್ತ, ಶುಂಠಿ ಬೆಳೆಯುವ ಮನೆಯವಳು. ನಮ್ಮಲ್ಲಿ ಕಾಫಿ ಎಂದರೆ ಅಂಗಡಿಯ ಪೊಟ್ಟಣ, ಅದೂ ನೆಂಟರು ಬಂದಾಗ. ಮದುವೆಯಾಗಿ ಬೆಳಗೋಡಿನ ಹತ್ತಿರದ ಈ ತೋಟದ ಮನೆಗೆ ಬಂದು ಮೊದಲ ಸಲ ಕಾಫಿ ಮಾಡಿ ಕೊಟ್ಟಾಗ ಅತ್ತೆ ಒಂದು ಗುಟುಕು ಕುಡಿದು, "ಇದೇನವ್ವ, ಪಾತ್ರೆ ತೊಳೆದ ನೀರು ತಂದುಕೊಟ್ಟಿದೀಯ" ಎಂದಿದ್ದರು. ನಾನೂ ಸುಮ್ಮನಿರುವ ಪೈಕಿಯಲ್ಲ. "ಪಾತ್ರೆಯಾದ್ರೂ ತೊಳೆದಿದೀನಲ್ಲ ಅತ್ತೆ" ಎಂದೆ. ಮನೆಯ ಗಂಡಸರು ಅವತ್ತು ತಿಂಡಿ ತಿನ್ನದೆ ತೋಟಕ್ಕೆ ಹೋದರು. ಅಲ್ಲಿಂದ ಶುರುವಾದ ನಮ್ಮ ಜಟಾಪಟಿ ಬಸುರಿನವರೆಗೂ ಬಿಡುವಿಲ್ಲದೆ ನಡೆದುಕೊಂಡು ಬಂದಿತ್ತು.

ಅತ್ತೆಗೆ ಕಾಫಿ ಎಂದರೆ ಉಸಿರು. ಎದ್ದ ತಕ್ಷಣ ಬೆಲ್ಲ ಹಾಕಿದ ಕರಿ ಕಾಫಿ, ತಿಂಡಿಗೆ ಮುಂಚೆ ಒಂದು, ತಿಂಡಿ ಆದ ಮೇಲೆ ಒಂದು, ಆಳುಗಳಿಗೆ ಕೊಡುವಾಗ ಅವರ ಜೊತೆ ಒಂದು. ಆಮೇಲೆ ಲೆಕ್ಕ ಇಲ್ಲ. ಎಷ್ಟು ಲೋಟ ಆಯಿತು ಎಂದು ಯಾರಾದರೂ ಕೇಳಿದರೆ ಅವತ್ತು ಅವರಿಗೆ ಸಾರು ಸಪ್ಪೆ. ಬೀಜ ಹುರಿಯುವುದು ಅವರೇ, ಪುಡಿ ಮಾಡುವುದೂ ಅವರೇ. ಒಬ್ಬ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ಅವನ ಮನೆಯ ಕಾಫಿ ಕುಡಿದೇ ತೀರ್ಮಾನ ಮಾಡುತ್ತಿದ್ದರು.

ಅವತ್ತು ಆಸ್ಪತ್ರೆಯಿಂದ ಬಂದವಳು ಅತ್ತೆ ಮಾವನ ಮುಂದೆ ಅರ್ಧ ಸತ್ಯವನ್ನಷ್ಟೇ ಹೇಳಿದೆ. ರಕ್ತ ಕಮ್ಮಿ ಇದೆ, ಹತ್ತು ದಾಟಬೇಕು, ಮಾತ್ರೆಯನ್ನು ಕಾಫಿ ಜೊತೆ ನುಂಗಬಾರದು ಎಂದೆ. ರಕ್ತ ಎಲ್ಲಿಂದ ಹೋಗುತ್ತಿದೆ ಎಂದು ಹೇಳಲಿಲ್ಲ. ಗಂಡನಿಗೂ ಬಾಯಿ ಬಿಡಬಾರದೆಂದು ಜೀಪಿನಲ್ಲೇ ಆಣೆ ಹಾಕಿಸಿದ್ದೆ. ಅತ್ತೆ ಏನೂ ಕೇಳಲಿಲ್ಲ. ನಾನು ಜಗಲಿಯ ಬೆಂಚಿನ ಮೇಲೆ ಒಂದು ಮಗ್ಗುಲಿಗೆ ಒರಗಿ ಕೂತಿದ್ದನ್ನು ಒಂದು ಗಳಿಗೆ ನೋಡಿದರು, ಒಳಗೆ ಹೋದರು.

ಮಾರನೆಯ ಬೆಳಗ್ಗೆ ಬಚ್ಚಲಿಗೆ ಹೋದರೆ, ಎಮ್ಮೆಗೆ ಹಿಂಡಿ ನೆನೆಸಲೆಂದು ತಂದಿಟ್ಟಿದ್ದ ಹೊಸ ಪ್ಲಾಸ್ಟಿಕ್ ಟಬ್ಬಿನಲ್ಲಿ ಹದವಾದ ಬಿಸಿನೀರು. ಹಬೆ ಇಲ್ಲ, ತಣ್ಣಗೂ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು, "ಕುಂತ್ಕೊ. ನೀರು ಆರೋಗಂಟ ಏಳ್ಬೇಡ" ಎಂದರು.

"ಯಾಕತ್ತೆ?" ಎಂದೆ, ಏನೂ ತಿಳಿಯದವಳ ಹಾಗೆ.

"ಯಾಕೆ ಅಂತ ನಂಗೂ ಗೊತ್ತೈತೆ, ನಿಂಗೂ ಗೊತ್ತೈತೆ. ಬಾಗ್ಲು ಹಾಕ್ಕೊ."

ಆ ನೀರಿನಲ್ಲಿ ಕೂತಾಗ ಸಿಕ್ಕ ಸುಖವನ್ನು ಹೇಗೆ ಹೇಳಲಿ! ಎಷ್ಟೋ ವಾರಗಳಿಂದ ಬಿಗಿ ಹಿಡಿದಿದ್ದ ಮೈಯೆಲ್ಲ ಸಡಿಲವಾಗಿ, ಅಯ್ಯಪ್ಪಾ ಎಂದು ಬಾಯಿಂದ ತಾನಾಗೇ ಹೊರಟಿತು. ಹೊರಗಿನಿಂದ ಅತ್ತೆಯ ದನಿ ಬಂತು: "ಕಿರುಚ್ಬೇಡ, ನಿಮ್ಮಾವ ಜಗಲೀಲೇ ಅವ್ರೆ." ಅಂದಿನಿಂದ ಹೆರಿಗೆಯವರೆಗೂ ಬೆಳಗ್ಗೆ ಸಂಜೆ ಆ ಟಬ್ ಸಿದ್ಧವಾಗಿರುತ್ತಿತ್ತು. ಆ ಕಾಯಿಲೆಯ ಹೆಸರು ಮಾತ್ರ ನಮ್ಮಿಬ್ಬರ ನಡುವೆ ಒಂದು ದಿನವೂ ಬರಲಿಲ್ಲ.

ಕಾಫಿ ನಿಂತಿದ್ದು ನನ್ನಿಂದಲೇ. ಮೊದಲ ಎರಡು ದಿನ ಡಾಕ್ಟರಮ್ಮ ಹೇಳಿದ ಹಾಗೆ ಕಿತ್ತಳೆ ರಸದ ಜೊತೆ ಮಾತ್ರೆ ನುಂಗಿದೆ. ಆದರೆ ಅಡುಗೆಮನೆಯಿಂದ ಡಿಕಾಕ್ಷನ್ ವಾಸನೆ ಬಂದರೆ ಎರಡು ಗಂಟೆ ಕಾಯುವವರು ಯಾರು? ಈ ಮನೆಗೆ ಬಂದ ಮೇಲೆ ನಾನೂ ಅತ್ತೆಯಷ್ಟೇ ಕಾಫಿಗೆ ಸಿಕ್ಕಿಬಿದ್ದಿದ್ದೆ. ಮೂರನೆಯ ದಿನ ಮಾತ್ರೆ ನುಂಗಿದ ಬೆನ್ನಿಗೇ ಅತ್ತೆಯ ಲೋಟದಿಂದ ಕದ್ದು ಒಂದು ಗುಟುಕು ಕುಡಿಯುತ್ತಿದ್ದಾಗ ಸಿಕ್ಕಿಬಿದ್ದೆ. ಬೈಯುತ್ತಾರೆ ಎಂದುಕೊಂಡೆ. ಅತ್ತೆ ಲೋಟ ಕಿತ್ತುಕೊಂಡು ಉಳಿದದ್ದನ್ನು ಬಚ್ಚಲಿಗೆ ಸುರಿದರು. ಒಲೆಯ ಮೇಲಿದ್ದ ಡಿಕಾಕ್ಷನ್ನನ್ನೂ ಸುರಿದರು. ಪುಡಿಯ ಡಬ್ಬಿ ತೆಗೆದು ಕಣದ ಪಕ್ಕದ ಸ್ಟೋರಿಗೆ ಒಯ್ದು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹೆರಿಗೆ ಆಗೋಗಂಟ ಈ ಮನೇಲಿ ಕಾಫಿ ಇಲ್ಲ. ಯಾರಿಗೂ ಇಲ್ಲ."

ಮಾವ ಜಗಲಿಯಿಂದಲೇ ಕೂಗಿದರು, "ನಾನೇನು ಬಸುರಿನೇನೇ?"

"ಅವ್ಳು ಬಿಡ್ಬೇಕು ಅಂದ್ರೆ ವಾಸ್ನೆ ಇರ್ಬಾರ್ದು. ವಾಸ್ನೆ ಇರ್ಬಾರ್ದು ಅಂದ್ರೆ ಯಾರೂ ಕುಡೀಬಾರ್ದು. ಸುಮ್ಕಿರಿ."

"ಅತ್ತೆ, ಎರಡು ಗಂಟೆ ಬಿಟ್ಟು ಕುಡಿಯಬಹುದು ಅಂದಿದಾರೆ ಡಾಕ್ಟ್ರು" ಎಂದು ನಾನು ಗೊಣಗಿದೆ.

"ಎರಡು ಗಂಟೆ ತಡ್ಕೊಳೋ ಗಿರಾಕಿನಾ ನೀನು? ನೋಡಿದ್ನಲ್ಲ ಈಗ."

ಮೊದಲ ವಾರ ಅತ್ತೆಗೆ ತಲೆನೋವು. ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡುತ್ತಿದ್ದರು. ಸಿಕ್ಕಿದ್ದಕ್ಕೆಲ್ಲ ಸಿಡಿಯುತ್ತಿದ್ದರು, ಕೋಳಿಗೂ ಬೈಗುಳ ತಪ್ಪಲಿಲ್ಲ. ರೊಬಸ್ಟಾ ಕುಯ್ಲಿನ ದಿನಗಳು. ಆಳುಗಳಿಗೆ ಕಾಫಿ ಕೊಡದಿದ್ದರೆ ಕೆಲಸ ಸಾಗುವುದಿಲ್ಲ. ಅದಕ್ಕೆ ತೋಟದ ಆ ಕೊನೆಯಲ್ಲಿ, ಮನೆಗೆ ಗಾಳಿ ಬೀಸದ ಕಡೆ, ಮೂರು ಕಲ್ಲಿಟ್ಟು ಒಲೆ ಹೂಡಿ ಅಲ್ಲಿಯೇ ಕಾಯಿಸಿ ಕೊಡುತ್ತಿದ್ದರು. ತಾವೇ ಸೋಸಿ, ತಾವೇ ಲೋಟಕ್ಕೆ ಬಗ್ಗಿಸಿ, ಒಬ್ಬೊಬ್ಬರ ಕೈಗೆ ಕೊಡುವುದು. ತಾವು ಮಾತ್ರ ಒಂದು ಹನಿ ನಾಲಿಗೆಗೆ ಹಚ್ಚಲಿಲ್ಲ. ಒಂದು ಶನಿವಾರ ಶಾಲೆ ಬೇಗ ಬಿಟ್ಟಿತ್ತು, ನಾನೇ ಗಿಡದ ಮರೆಯಿಂದ ನೋಡಿದೆ. ಪಾತ್ರೆಯ ಹಬೆಗೆ ಮುಖ ಒಡ್ಡಿ ಒಂದು ಸಲ ಉಸಿರೆಳೆದುಕೊಂಡರು, ಅಷ್ಟೇ. ನನಗೆ ಅವತ್ತು ಅವರ ಕಾಲಿಗೆ ಬಿದ್ದುಬಿಡೋಣ ಎನಿಸಿತು. ಬೀಳಲಿಲ್ಲ, ಬಿದ್ದರೆ ಏಳುವುದು ಕಷ್ಟವಿತ್ತು.

ಮಾವ ದಿನಾ ಸಂಜೆ ಬೆಳಗೋಡಿನ ಹೋಟೆಲಿಗೆ ನಡೆಯತೊಡಗಿದರು. ವಾಕಿಂಗು, ಡಾಕ್ಟರು ಹೇಳಿದ್ದಾರೆ ಎನ್ನುತ್ತಿದ್ದರು. ಅವರ ಮೀಸೆ ಮೂಸಿ ನೋಡಿದ ಅತ್ತೆ ಮುಖ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ.

ಗಂಡನೂ ಅವನ ಕೈಲಾದದ್ದು ಮಾಡಿದ. ನಾನು ಕ್ಲಾಸಿನಲ್ಲಿ ಇಡೀ ದಿನ ನಿಂತೇ ಪಾಠ ಮಾಡುತ್ತಿದ್ದೆ. ಟೀಚರಿಗೆ ಸಿಟ್ಟು ಬಂದೈತೆ, ಕೂರೋದೇ ಇಲ್ಲ ಎಂದು ಮಕ್ಕಳು ಪಿಸುಗುಟ್ಟಿ, ಇಡೀ ತರಗತಿ ಎಂದೂ ಇಲ್ಲದಷ್ಟು ಶಿಸ್ತಾಗಿಬಿಟ್ಟಿತ್ತು. ಕಾಲು ಸೋತು ಬರುತ್ತಿದೆ ಎಂದು ಗಂಡನಿಗೆ ಹೇಳಿದ್ದಕ್ಕೆ, ಅವನು ಬಾಳ್ಳುಪೇಟೆಯ ಪಂಕ್ಚರ್ ಅಂಗಡಿಗೆ ಹೋಗಿ ನನಗೆ ಕೂರಲಿಕ್ಕೆಂದು ಸ್ಕೂಟರಿನ ಹಳೆ ಟ್ಯೂಬ್ ಕೇಳಿದನಂತೆ. ಅಂಗಡಿಯ ಸಾಬರು ಯಾತಕ್ಕೆ ಎಂದು ಕೇಳಿದ್ದಾರೆ. ಕೆರೆಯಲ್ಲಿ ಈಜಲಿಕ್ಕೆ ಎಂದಿದ್ದಾನೆ ಇವನು, ಡಿಸೆಂಬರ್ ಚಳಿಯಲ್ಲಿ. ಸಾಬರು ಇವನ ಮುಖ ನೋಡಿ, "ಮನೇಲಿ ಬಸುರಿ ಅವ್ರಾ? ಹಂಗಾದ್ರೆ ಗಾಳಿ ಅರ್ಧಾನೇ ಹಾಕ್ತೀನಿ. ಪೂರ್ತಿ ಹಾಕುದ್ರೆ ನೋವಾಯ್ತದೆ ಮಾರಾಯ, ನಮ್ಮನೆಯೋಳು ಬೈದಿದ್ಲು" ಎಂದರಂತೆ. ಕಾಸೂ ಮುಟ್ಟಲಿಲ್ಲವಂತೆ. ಆ ಟ್ಯೂಬಿಗೆ ಅತ್ತೆ ಹಳೆಯ ಹತ್ತಿ ಸೀರೆಯ ಗೌಸು ಹೊಲಿದು ಕೊಟ್ಟರು. ಯಾಕೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಊಟದ್ದು ಇನ್ನೊಂದು ಕತೆ. ಮೂಲವ್ಯಾಧಿಗೆ ಸುವರ್ಣಗಡ್ಡೆ ಒಳ್ಳೆಯದು ಎಂಬುದು ನಮ್ಮ ಕಡೆ ಎಳೆ ಮಗುವಿಗೂ ಗೊತ್ತು. ಅದಕ್ಕೇ ಆ ಗಡ್ಡೆಯನ್ನು ದಿನಾ ಬೇಯಿಸಿದರೆ ಊರಿಗೆಲ್ಲ ಡಂಗುರ ಹೊಡೆಸಿದ ಹಾಗೆ. ಅತ್ತೆ ಹಿತ್ತಲಿನಿಂದ ಗಡ್ಡೆ ಅಗೆದು ತಂದು, ಸಿಪ್ಪೆಯನ್ನು ಗೊಬ್ಬರದ ಗುಂಡಿಯಲ್ಲಿ ಮುಚ್ಚಿಹಾಕಿ, ಅವರೆಕಾಳಿನ ಸಾರಿನಲ್ಲಿ ಗುರುತು ಸಿಗದ ಹಾಗೆ ಕರಗಿಸಿಬಿಡುತ್ತಿದ್ದರು. ಬಾಳೆದಿಂಡು, ಬಸಳೆ, ಮಜ್ಜಿಗೆ, ಕಿತ್ತಳೆ. ಗಿಡದ ಕಿತ್ತಳೆಗೆ ಮಂಗ ಬರದ ಹಾಗೆ ಮಾವನನ್ನು ಕಾವಲಿಗೆ ಕೂರಿಸಿದರು. ಒಂದೊಂದು ಸಲ ಬಡಿಸುವಾಗ ನನ್ನ ರೆಪ್ಪೆ ಕೆಳಗೆಳೆದು ಕಣ್ಣು ನೋಡುತ್ತಿದ್ದರು. "ಇನ್ನೂ ಬೆಳ್ಳಗೇ ಐತೆ" ಎನ್ನುತ್ತಾ ಇನ್ನೊಂದು ಸೌಟು ಸೊಪ್ಪು ಹಾಕುತ್ತಿದ್ದರು. ಆ ಕೈಯಲ್ಲಿದ್ದ ಹೆದರಿಕೆ ನನಗೆ ಗೊತ್ತಾಗುತ್ತಿತ್ತು. ನನ್ನಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಚೊಚ್ಚಲ ಹೆರಿಗೆಗೆ ಹೋಗಲು ನನಗೆ ತವರಿನಲ್ಲಿ ಯಾರೂ ಇರಲಿಲ್ಲ. ಅತ್ತೆ ಅದನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ.

ಆದರೆ ಊರು ಬಿಡುತ್ತದೆಯೇ? ತೋಟದ ಮನೆ, ಕುಯ್ಲಿನ ಕಾಲ, ಬಂದವರಿಗೆ ಕಾಫಿ ಇಲ್ಲ! ಮನೆಗೆ ಬಂದವರ ಮುಂದೆ ಅತ್ತೆ ಜೀರಿಗೆ ಕಷಾಯವನ್ನೋ ಮಜ್ಜಿಗೆಯನ್ನೋ ಇಟ್ಟರೆ ಅವರು ಲೋಟವನ್ನೂ ಅತ್ತೆಯನ್ನೂ ಒಂದು ಸಲ ನೋಡಿ ಮೂಗು ಮುರಿಯುತ್ತಿದ್ದರು. ಸೊಸೆ ಸಂಬಳ ಬಂದ ಮೇಲೆ ಜುಗ್ಗತನ ಬಂತು ಎಂದರು. ಅತ್ತೆ ಸೊಸೆಗೆ ಸಿಗದ ಹಾಗೆ ಕಾಫಿ ಪುಡಿಯನ್ನೂ ಬೀಗ ಹಾಕಿ ಇಡುತ್ತಾಳೆ ಎಂದೂ ಹೇಳಿದರು, ಅದಂತೂ ನಿಜವೇ ಆಗಿತ್ತು. ಈ ಮಾತೆಲ್ಲ ಬಸ್ಸಿನಲ್ಲಿ ನನ್ನ ಕಿವಿಗೂ ಬೀಳುತ್ತಿತ್ತು, ಅತ್ತೆಯ ಕಿವಿಗೂ. ಯಾಕೆ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಅವರ ಮಾನ ಉಳಿಯುತ್ತಿತ್ತು. ನನ್ನ ಗುಟ್ಟು ಎಲ್ಲಿ ಹೊರಬೀಳುತ್ತದೋ ಎಂದು ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಏಳನೆಯ ತಿಂಗಳಲ್ಲಿ ಮಡಿಲು ತುಂಬುವ ಶಾಸ್ತ್ರ ಇಟ್ಟುಕೊಂಡರು. ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಒಬ್ಬೊಬ್ಬರಾಗಿ ಅರಿಶಿನ ಕುಂಕುಮ ಹಚ್ಚಿ, ಬಳೆ ತೊಡಿಸಿ, ಅಕ್ಕಿ, ಕೊಬ್ಬರಿ, ಬೆಲ್ಲ, ಹಣ್ಣು ಮಡಿಲಿಗೆ ಹಾಕುತ್ತಾರೆ. ಹೆಂಗಸರು ಎಷ್ಟು ಮಂದಿ ಇದ್ದರೆ ಅಷ್ಟು ಹೊತ್ತು. ಮರದ ಮಣೆ. ಅದನ್ನು ನೆನೆದರೆ ನನಗೆ ಬೆನ್ನು ಬೆವರುತ್ತಿತ್ತು. ಅವತ್ತು ಹೆಂಗಸರೆಲ್ಲ ಬಂದು ಸೇರಿದ ಮೇಲೆ ನೋಡಿದರೆ ಹಾಸಿನ ಮೇಲೆ ಮಣೆಯೇ ಇಲ್ಲ. ಅತ್ತೆ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದರು, "ನಮ್ಮನೇಲಿ ಬಸುರಿಗೆ ನಿಂತ್ಕೊಂಡೇ ಮಡ್ಲು ತುಂಬೋದು. ನಮ್ಮತ್ತೆ ಕಾಲದಿಂದ್ಲೂ ಹಂಗೇಯ."

ಹಾನುಬಾಳಿನಿಂದ ಬಂದಿದ್ದ ನನ್ನ ಗಂಡನ ಸೋದರತ್ತೆ ಅದೇ ಮನೆಯಲ್ಲಿ ಹುಟ್ಟಿ ಬೆಳೆದವರು. ಅಂದರೆ ಮಾವನ ತಂಗಿ. ಆಕೆ ಕಣ್ಣು ಅಗಲ ಮಾಡಿ, "ಯಾವ್ ಅತ್ತೆ ಕಾಲದಿಂದ ಅತ್ತಿಗೆ? ನಮ್ಮವ್ವ ಹಂಗೆ ಮಾಡಿದ್ದ ನಾನು ನೋಡೇ ಇಲ್ಲ ಕಣ್ರೀ!" ಎಂದರು. ಅತ್ತೆ ಕೇಳಿಸದವರ ಹಾಗೆ ಅಕ್ಕಿ ಅಳೆಯುತ್ತಿದ್ದರು. ನಾನು ಸೆರಗೊಡ್ಡಿ ನಿಂತೆ. ಶಾಸ್ತ್ರ ಮುಗಿಯಿತು. ಆಮೇಲೆ ಒಬ್ಬೊಬ್ಬರ ಕೈಗೂ ಮಜ್ಜಿಗೆ ಲೋಟ ಬಂತು.

ಸೋದರತ್ತೆ ಲೋಟ ಕೆಳಗಿಟ್ಟೇಬಿಟ್ಟರು. "ಹಾನುಬಾಳಿಂದ ಚಳೀಲಿ ಜೀಪಲ್ಲಿ ಬಂದಿದೀವಿ. ನನ್ನ ತವ್ರುಮನೆ ಇದು. ಕಣದ ತುಂಬ ಕಾಫಿ ಒಣಗ್ತಾ ಐತೆ, ಒಂದು ಲೋಟ ಕಾಫಿಗೆ ಗತಿ ಇಲ್ವಾ ಅತ್ತಿಗೆ? ಊರೋರು ಆಡ್ಕೊಳೋದು ನಿಜವೇ ಆಯ್ತಲ್ಲ."

"ಪುಡಿ ಮುಗಿದೈತೆ" ಎಂದರು ಅತ್ತೆ.

ಯಾರೋ ಕಿಸಕ್ಕೆಂದರು. ಇನ್ಯಾರೋ, "ಕಾಫಿ ಮನೇಲಿ ಪುಡಿ ಮುಗಿದೈತಂತೆ, ಕೇಳ್ರವ್ವ" ಎಂದರು. ಅತ್ತೆ ತಲೆ ಬಗ್ಗಿಸಿ ನಿಂತಿದ್ದರು. ಯಾರ ಮುಂದೆಯೂ ತಲೆ ಬಗ್ಗಿಸದ ಹೆಂಗಸು! ನನ್ನ ನೆತ್ತಿಗೆ ಏರಿತು ನೋಡಿ ಸಿಟ್ಟು. ಮಡಿಲ ಅಕ್ಕಿ ಚೆಲ್ಲಿದ್ದೂ ತಿಳಿಯಲಿಲ್ಲ.

"ಪುಡಿ ಮುಗಿದಿಲ್ಲ. ನನಗೆ ಮೂಲವ್ಯಾಧಿ ಆಗಿದೆ. ದಿನಾ ರಕ್ತ ಹೋಗುತ್ತೆ. ಮೈಯಲ್ಲಿ ರಕ್ತ ಇಲ್ಲ, ಹೀಗೇ ಇದ್ದರೆ ಹೆರಿಗೆಯಲ್ಲಿ ಉಳಿಯೋದು ಕಷ್ಟ ಅಂದಿದಾರೆ ಡಾಕ್ಟ್ರು. ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತಲ್ಲ. ನಾನು ಕದ್ದು ಕುಡೀತೀನಿ ಅಂತ ಅತ್ತೆ ತಾವೂ ಬಿಟ್ಟು, ಮನೆಯವರಿಗೂ ಬಿಡಿಸಿದಾರೆ. ಇನ್ನು ಆಡಿಕೊಳ್ಳೋರು ನನ್ನ ಆಡಿಕೊಳ್ಳಿ. ಅತ್ತೆಗೆ ಒಂದು ಮಾತು ಅಂದರೆ ನಾನು ಸುಮ್ಮನಿರಲ್ಲ!"

ಸೋದರತ್ತೆ ನನ್ನನ್ನೇ ನೋಡುತ್ತಿದ್ದವರು ಸೆರಗಿನಲ್ಲಿ ಮೂಗೊರೆಸಿಕೊಂಡು, "ಅಯ್ಯೋ ನನ್ನವ್ವ, ಅದನ್ನ ಮೊದ್ಲೇ ಹೇಳಕ್ಕೆ ಏನಾಗಿತ್ತು? ನಂಗೆ ಎರಡು ಬಸುರ್ನಲ್ಲೂ ಇತ್ತು ಕಣೇ. ಎರಡನೇದ್ರಲ್ಲಂತೂ ಅಳ್ತಾ ಅಳ್ತಾ ಹೊರಕಡೆಗೆ ಹೋಗ್ತಿದ್ದೆ" ಎಂದರು. ಇನ್ನೊಬ್ಬಾಕೆ, "ನಂಗೆ ಹೆತ್ತ ಮೇಲೆ ಬಂತು" ಎಂದಳು. ಅಷ್ಟೇ, ಕಟ್ಟೆ ಒಡೆಯಿತು. ಒಬ್ಬರು ಮುಟ್ಟಿದರೆಮುನಿಯ ಸೊಪ್ಪು ಎಂದರು, ಒಬ್ಬರು ಹರಳೆಣ್ಣೆ ಎಂದರು, ಒಬ್ಬಾಕೆ ಗಂಡನಿಗೆ ತಿಳಿಯದ ಹಾಗೆ ವರ್ಷಗಟ್ಟಲೆ ಬಚ್ಚಿಟ್ಟ ಕತೆ ಹೇಳಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದಳು. ಜಗಲಿಯ ಗಂಡಸರು ಏನಾಯಿತೆಂದು ಇಣುಕಿದರು. ಹೋಗ್ರೀ ಆಚೆ ಎಂದು ಬೈಸಿಕೊಂಡರು. ಮಜ್ಜಿಗೆ ಪೂರ್ತಿ ಖಾಲಿಯಾಯಿತು.

ಅತ್ತೆ ಮಾತ್ರ ಆ ಮಾತಿನಲ್ಲಿ ಸೇರಲಿಲ್ಲ. ಎಲ್ಲರೂ ಹೋದ ಮೇಲೆ ಚೆಲ್ಲಿದ ಅಕ್ಕಿ ಗುಡಿಸುತ್ತಾ ನನ್ನ ಮೇಲೆ ಸಿಡಿದರು. "ಇಷ್ಟು ದಿವ್ಸ ನಾನು ಮುಚ್ಚಿಟ್ಟಿದ್ದ ಒಂದೇ ಸಲಕ್ಕೆ ಒದರ್ಬುಟ್ಯಲ್ಲ. ನಾಚ್ಕೆ ಅನ್ನೋದು ಐತಾ ನಿಂಗೆ?"

"ಇಲ್ಲ" ಎಂದೆ.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಬೈಯುತ್ತಾರೆ ಎಂದು ಕಾದೆ. ಮೊರದಲ್ಲಿದ್ದ ಬೆಲ್ಲದಚ್ಚಿನಿಂದ ಒಂದು ಚೂರು ಮುರಿದು ನನ್ನ ಬಾಯಿಗೆ ತುರುಕಿ ಒಳಗೆ ಹೋದರು.

ಒಂಬತ್ತನೆಯ ತಿಂಗಳ ಪರೀಕ್ಷೆಗೆ ಅತ್ತೆಯೂ ಜೀಪ್ ಹತ್ತಿದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಏನೋ ಮಣಮಣ ಎನ್ನುತ್ತಿದ್ದರು. ಡಾಕ್ಟರಮ್ಮ ಚೀಟಿ ನೋಡಿ, ಹತ್ತು ದಾಟಿದೆ, ಇಲ್ಲೇ ಹೆರಿಗೆ ಮಾಡಿಸೋಣ ಎಂದಾಗ ಅತ್ತೆ ಕುರ್ಚಿಯ ಹಿಡಿ ಹಿಡಿದು ನಿಂತರು. ಆಸ್ಪತ್ರೆಯ ಎದುರು ಹೋಟೆಲಿತ್ತು, ಕಾಫಿ ಹುರಿದ ಘಮ ರಸ್ತೆಯವರೆಗೂ ಬರುತ್ತಿತ್ತು. ಇವತ್ತಾದರೂ ಕುಡಿಯಿರಿ ಅತ್ತೆ ಎಂದು ಬೇಡಿಕೊಂಡೆ. "ಮಗು ಹೊರಗೆ ಬರ್ಲಿ" ಎಂದು ಜೀಪಿನಲ್ಲಿ ಹೋಗಿ ಕೂತರು.

ರೊಬಸ್ಟಾ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗಿದ್ದ ದಿನಗಳಲ್ಲಿ ಮಗಳು ಹುಟ್ಟಿದಳು. ರಕ್ತ ಹೋಯಿತು, ಆದರೆ ಮೈ ತಡೆದುಕೊಂಡಿತು. ಹೆತ್ತ ಮೇಲೆ ಮೂಲವ್ಯಾಧಿ ಹೋಗಿಬಿಡುತ್ತದೆ ಎಂದುಕೊಂಡಿದ್ದೆ, ಅದು ಹಟಮಾರಿ. ಮೊದಲ ದಿನಗಳಲ್ಲಿ ಕೂತು ಹಾಲು ಕುಡಿಸಲು ಆಗದೆ, ಮಗು ಅಳುತ್ತಿದ್ದರೆ ನಾನೂ ಅದರ ಜೊತೆ ಅಳುತ್ತಿದ್ದೆ. ಅತ್ತೆ ನನ್ನನ್ನು ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಮಗುವನ್ನು ಪಕ್ಕಕ್ಕೆ ಹೊಂದಿಸಿದರು. ಅದು ಗಬಕ್ಕನೆ ಹಿಡಿದುಕೊಂಡಿತು. ನೋಡುತ್ತಾ ನಿಂತಿದ್ದ ಅತ್ತೆ ಯಾರಿಗೋ ಹೇಳುವವರ ಹಾಗೆ, "ನಾನು ನಿನ್ನ ಗಂಡಂಗೆ ನಿಂತ್ಕೊಂಡೇ ಕುಡಿಸ್ತಿದ್ದೆ. ಮಲಗಿ ಕುಡಿಸ್ಬೋದು ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ" ಎಂದರು.

ಮಗುವಿನ ಮೇಲಿದ್ದ ನನ್ನ ಕೈ ಹಾಗೇ ನಿಂತಿತು. ಟಬ್ಬಿನ ಬಿಸಿನೀರು, ಗಡ್ಡೆಯ ಸಾರು, ಇಲ್ಲದ ಮಣೆ. ಥೂ, ನನ್ನ ತಲೆಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ! ಊಟಕ್ಕೆ ಎಲ್ಲರೂ ಕೂತಾಗ ಬಡಿಸುವ ನೆಪದಲ್ಲಿ ನಿಂತೇ ಇರುವ ಅತ್ತೆ, ಮದುವೆ ಮನೆಗಳಲ್ಲಿ ಕಂಬಕ್ಕೆ ಒರಗಿ ನಿಲ್ಲುವ ಅತ್ತೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು.

"ಅತ್ತೆ, ಈಗಲೂ ಇದೆಯಾ?"

"ಮಗು ನಿದ್ದೆ ಹೋಗ್ತಾ ಐತೆ, ಬಾಯ್ ಮುಚ್ಕೊ" ಎಂದು ದೀಪ ಆರಿಸಿ ಹೋದರು.

ಬಿಡುವವಳು ನಾನಲ್ಲ. ಬಾಣಂತನ ಮುಗಿದು ಮಗುವಿಗೆ ಚುಚ್ಚುಮದ್ದು ಹಾಕಿಸುವ ದಿನ, ಮಗು ಎತ್ತಿಕೊಳ್ಳಲು ಜನ ಬೇಕು ಎಂದು ಸುಳ್ಳು ಹೇಳಿ ಅತ್ತೆಯನ್ನು ಸಕಲೇಶಪುರಕ್ಕೆ ಕರೆದುಕೊಂಡು ಹೋದೆ. ಮಗುವಿನದು ಮುಗಿದ ಮೇಲೆ ಅವರನ್ನೇ ಡಾಕ್ಟರಮ್ಮನ ಎದುರು ನಿಲ್ಲಿಸಿದೆ. ಅತ್ತೆಯ ಮುಖ ಕಪ್ಪಿಟ್ಟಿತು. ಕಿಟಕಿಯ ಕಡೆ ನೋಡುತ್ತಾ ಮಂಡಿ ನೋವು ಎಂದರು.

"ಮಂಡಿ ಅಲ್ಲ ಡಾಕ್ಟ್ರೇ, ಮೂಲವ್ಯಾಧಿ. ನನ್ನ ಗಂಡ ಹುಟ್ಟಿದಾಗಿನಿಂದ ಇದೆ" ಎಂದೆ ನಾನು.

ಡಾಕ್ಟರಮ್ಮ ಅತ್ತೆಯನ್ನು ಪರದೆಯ ಆಚೆ ಕರೆದುಕೊಂಡು ಹೋದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಈಚೆ ನಿಂತಿದ್ದೆ. ಆಮೇಲೆ ಡಾಕ್ಟರಮ್ಮನ ದನಿ, "ಏನಮ್ಮ ಇದು, ಇಷ್ಟಾಗೋವರೆಗೂ ಯಾರ ಹತ್ರಾನೂ ಹೇಳಲಿಲ್ವಾ?"

"ಯಾರೂ ಕೇಳ್ಲಿಲ್ಲ ಕಣವ್ವ" ಎಂದರು ಅತ್ತೆ. "ಈಗ ಇವ್ಳು ಕೇಳಿದ್ಲು. ಬಂದೆ."